ಮಲಪ್ರಭೆಯ ದಂಡೆಯಿಂದ ಮಾಂಡೋವಿಯ ಮೇಜಿಗೆ

ಸವದತ್ತಿಯಿಂದ ಗೋವೆಗೆ ಹೋಗುವವರು ಬಹುತೇಕ ಧಾರವಾಡದ ಹಾದಿ ಹಿಡಿಯುತ್ತಾರೆ. ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟು ಇಳಿದರೆ ಗೋವೆ. ಇನ್ನೊಂದು ಹಾದಿ ಬೈಲಹೊಂಗಲ, ಬೆಳಗಾವಿ, ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನದು. ಇದು ಸುತ್ತು ಹೆಚ್ಚು, ತಿರುವು ಹೆಚ್ಚು. ಆದರೂ ನನಗೆ ಈ ಹಾದಿಯೇ ಇಷ್ಟ. ಏಕೆಂದರೆ ನಮ್ಮೂರ ನೀರು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ನೋಡಿಕೊಂಡು ಹೋಗಬಹುದು.

ಸವದತ್ತಿ ಎಂದೊಡನೆ ಓದುಗರಿಗೆ ಯಲ್ಲಮ್ಮನ ಗುಡ್ಡ ನೆನಪಾಗುತ್ತದೆ. ಭಾರತ ಹುಣ್ಣಿಮೆ ಹತ್ತಿರ ಬಂದರೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಎಲ್ಲವೂ ಗುಡ್ಡದ ಕಡೆಗೇ ಮುಖ ಮಾಡಿರುತ್ತವೆ. ರಸ್ತೆಯ ಧೂಳಿಗೂ ಭಂಡಾರದ ಬಣ್ಣ. ಇತಿಹಾಸ ಓದಿದವರಿಗೆ ಇದು ರಟ್ಟರ ಸುಗಂಧವರ್ತಿ. ಊರಿನ ನೆತ್ತಿಯ ಮೇಲೆ ದೇಸಾಯರ ಕಾಲದ ಕೋಟೆ ಇನ್ನೂ ನಿಂತಿದೆ. ಹೊಲ ಇರುವವರಿಗೆ ಮಾತ್ರ ಸವದತ್ತಿ ಎಂದರೆ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದಿನ ರೇಣುಕಾ ಸಾಗರ. ಸುಮಾರು 37 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ 1970ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ತುಂಬಿದ ವರ್ಷ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ತುಂಬದ ವರ್ಷಗಳೂ ಕಡಿಮೆಯೇನಲ್ಲ.

ಈ ಸಲ ನಾನು ಗೋವೆಗೆ ಹೊರಟದ್ದು ಸಮುದ್ರ ನೋಡಲು ಅಲ್ಲ, ಕ್ಯಾಸಿನೊ ನೋಡಲು. ವಿಜ್ಞಾನದ ಮಾಸ್ತರನಿಗೆ ಕ್ಯಾಸಿನೊದಲ್ಲಿ ಏನು ಕೆಲಸ ಎಂದು ಹುಬ್ಬೇರಿಸುವ ಪಾಲಕರಿಗೆ ಮೊದಲೇ ಕಾರಣ ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಹತ್ತನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಎಂಜಿನಿಯರು. ಗಣಿತದಲ್ಲಿ ನೂರಕ್ಕೆ ನೂರು ತೆಗೆದವನು. ಮೂರು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಪಣಜಿಗೆ ಹೋಗಿ ಪೋಕರ್ ಎಂಬ ಇಸ್ಪೀಟಿನಾಟದ ಟೂರ್ನಮೆಂಟು ಆಡುತ್ತಾನೆ. ಈಗ ನೌಕರಿ ಬಿಟ್ಟು ಅದನ್ನೇ ಆಡುವ ವಿಚಾರ ಮಾಡಿದ್ದಾನೆ. ಅವನ ತಂದೆಗೆ ಎಂಟು ಎಕರೆ ಎರೆ ಹೊಲ. ಜೋಳ, ಕಡಲೆ, ಹತ್ತಿ. ಒಂದು ಸಂಜೆ ಮನೆಗೆ ಬಂದು ಚಹಾ ಕೂಡ ಮುಟ್ಟದೆ ಕೇಳಿದರು:

“ಸರ, ಹುಡುಗ ನೌಕರಿ ಬಿಡ್ತೀನಿ ಅನ್ನಾಕತ್ತಾನ. ನಾವು ಕೇಳಿದ್ರ ಇದು ಜೂಜಲ್ಲ, ಲೆಕ್ಕ ಅಂತಾನ. ಇದು ಓಸಿ ಹೌದೋ ಅಲ್ಲೋ, ಅದೊಂದು ನೀವು ಕಣ್ಣಿಲೆ ನೋಡಿ ಬಂದು ಹೇಳ್ರಿ. ನಿಮ್ಮ ಮಾತಾದ್ರ ನಾನೂ ನಂಬ್ತೀನಿ, ಅವನೂ ನಂಬ್ತಾನ.”

ಓಸಿ ಎಂದರೇನೆಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿಯ ಧಾರಣೆಯ ಓಪನಿಂಗು-ಕ್ಲೋಸಿಂಗಿನ ಮೇಲೆ ಹಣ ಕಟ್ಟುತ್ತಿದ್ದ ಮಟಕಾ ಆಟವೇ ಬಡಾವಣೆ, ಹಳ್ಳಿಗಳಿಗೆ ಇಳಿದು ಓಸಿಯಾಯಿತು. ಹತ್ತಿಯ ಸಂಬಂಧ ಎಂದೋ ಹೋಯಿತು, ಅಂಕೆ ಮಾತ್ರ ಉಳಿಯಿತು. ಅದರಿಂದ ಹೊಲ ಮಾರಿದವರನ್ನು ಆ ತಂದೆ ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಹೀಗಾಗಿ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಹುಡುಗನೂ ಫೋನಿನಲ್ಲಿ ಸಂತೋಷದಿಂದಲೇ ಒಪ್ಪಿದ. “ಬರ್ರಿ ಸರ್, ನೀವು ನೋಡಿದ್ರ ನಿಮಗ ತಿಳೀತೈತಿ” ಎಂದ. ಶನಿವಾರ ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಕಾರು ತಂದು ಕಾಯ್ದು ನಿಂತಿದ್ದ.

ಬೆಳಗಾವಿಯವರೆಗಿನ ಹಾದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿ ಇದೆ. 1829ರ ಫೆಬ್ರುವರಿಯಲ್ಲಿ ಇಲ್ಲಿಯ ಸೆರೆಯಲ್ಲೇ ಆಕೆ ತೀರಿಕೊಂಡದ್ದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿ ಅರ್ಧ ತಾಸು ನಿಲ್ಲಬೇಕು.

ಜಾಂಬೋಟಿ ದಾಟಿದ ಮೇಲೆ ದೇಶವೇ ಬೇರೆ. ಎರೆ ಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆ, ಜಾಲಿ ಮುಗಿದು ದಟ್ಟ ಕಾಡು. ಕಣಕುಂಬಿಯಲ್ಲಿ ಕಾರು ನಿಲ್ಲಿಸಿದೆವು. ದೇವಸ್ಥಾನದ ಪಕ್ಕದಲ್ಲಿ ಮಲಪ್ರಭೆಯ ಉಗಮ. ಇಲ್ಲಿ ಬೊಗಸೆಯಲ್ಲಿ ಹಿಡಿಯಬಹುದಾದ ನೀರು ಖಾನಾಪುರ ದಾಟಿ, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಾಗಿ, ಪಟ್ಟದಕಲ್ಲಿನ ಗುಡಿಗಳ ಬದಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದೇ ಗುಡ್ಡಸಾಲಿನ ಆಚೆ ಮಗ್ಗುಲಿಗೆ ಬಿದ್ದ ಮಳೆ ಮಹದಾಯಿಗೆ ಸೇರಿ ಪಶ್ಚಿಮಕ್ಕೆ ಅರಬ್ಬೀ ಸಮುದ್ರಕ್ಕೆ. ಒಂದು ಹನಿ ಏಣಿನ ಈಚೆ ಬಿತ್ತೋ ಆಚೆ ಬಿತ್ತೋ ಎಂಬುದರ ಮೇಲೆ ಅದರ ಸಮುದ್ರವೇ ಬದಲಾಗುತ್ತದೆ.

ಆಚೆಯ ನೀರಿನಲ್ಲಿ ಸ್ವಲ್ಪವನ್ನು ಈಚೆ ತಿರುಗಿಸಬೇಕೆಂಬುದೇ ಕಳಸಾ-ಬಂಡೂರಿ. ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು, ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಅಡಿ ನೀರು ಹಂಚಿತು. 2020ರ ಫೆಬ್ರುವರಿಯಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವೂ ಆಯಿತು. ತಕರಾರು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಕಣಕುಂಬಿಯ ಬದಿಯಲ್ಲಿ ಅಗೆದ ಕಾಲುವೆಯ ಗುರುತುಗಳು ಕಾಣುತ್ತವೆ. ಹುಡುಗ ಅದನ್ನು ನೋಡುತ್ತ, “ಅಪ್ಪ ಇದರ ಸಲುವಾಗಿ ಎಷ್ಟು ಸಲ ಬಂದ್‌ಗೆ ಹೋಗಿ ಕುಂತಾನ ಸರ್” ಎಂದ. ಮಹದಾಯಿ ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುತ್ತದೆ. ನಾವು ನೋಡಹೊರಟ ಕ್ಯಾಸಿನೊ ತೇಲುವುದು ಅದೇ ನೀರಿನ ಮೇಲೆ.

ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಹುಡುಗನಿಗೆ ನಳ-ಋತುಪರ್ಣರ ಕತೆ ಹೇಳಿದೆ. ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ಪಗಡೆಯಲ್ಲಿ ರಾಜ್ಯ ಸೋತ ನಳ, ಋತುಪರ್ಣನ ಸಾರಥಿಯಾಗಿ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಒಂದು ತಾರೆ ಮರ. ಋತುಪರ್ಣ ಅದನ್ನು ಒಮ್ಮೆ ನೋಡಿ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಹಣ್ಣು ಇವೆ ಎನ್ನುತ್ತಾನೆ. ನಳ ನಂಬದೆ ಇಳಿದು ಎಣಿಸುತ್ತಾನೆ, ಲೆಕ್ಕ ಸರಿ. ಈ ಎಣಿಕೆಯ ವಿದ್ಯೆ ಮತ್ತು ದಾಳದ ವಿದ್ಯೆ ಎರಡೂ ಒಂದೇ ಕಡೆಯವು ಎಂದು ಕತೆ ಹೇಳುತ್ತದೆ. ನಳ ತನ್ನ ಅಶ್ವಹೃದಯ ಕೊಟ್ಟು ಅಕ್ಷಹೃದಯ ಕಲಿಯುತ್ತಾನೆ. ಹಿಂದಿನ ಕಾಲದಲ್ಲಿ ದಾಳವಾಗಿ ಎಸೆಯುತ್ತಿದ್ದದ್ದು ಇದೇ ತಾರೆಕಾಯಿಯನ್ನು. ಕೆಲವು ಎಲೆ ಎಣಿಸಿ ಮರದ ಎಲೆ ಅಂದಾಜು ಮಾಡುವುದನ್ನು ನಾವು ಇಂದು ಮಾದರಿ ಸಮೀಕ್ಷೆ ಎಂದು ಕಲಿಸುತ್ತೇವೆ. ಯುರೋಪಿನಲ್ಲಿ ಸಂಭವನೀಯತೆಯ ಶಾಸ್ತ್ರ ಗಟ್ಟಿಯಾದದ್ದು 1654ರಲ್ಲಿ, ಪ್ಯಾಸ್ಕಲ್ ಮತ್ತು ಫರ್ಮಾ ನಡುವಿನ ಪತ್ರಗಳಲ್ಲಿ. ಅವರ ಮುಂದಿದ್ದ ಪ್ರಶ್ನೆಯೂ ಜೂಜಿನದೇ: ಆಟ ಅರ್ಧಕ್ಕೆ ನಿಂತರೆ ಪಣದ ಹಣ ಹಂಚುವುದು ಹೇಗೆ?

ನಮ್ಮ ಗುಡ್ಡದ ಜೋಗತಿಯರ ಕೊರಳಲ್ಲಿ ಕವಡೆಯ ಸರ ಇರುತ್ತದೆ. ಅದೇ ಕವಡೆ ನಾಲ್ಕು ಹಿಡಿದು ಅಜ್ಜಿಯರು ಚೌಕಾಬಾರ ಆಡುತ್ತಾರೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ಸಂಭವನೀಯತೆಯ ಪಾಠಕ್ಕೆ ನಾನು ತರಗತಿಗೆ ತರುವುದು ಇವನ್ನೇ. ನಾಣ್ಯವಾದರೆ ಅರ್ಧಕ್ಕರ್ಧ ಎಂದು ಮಕ್ಕಳು ಎಸೆಯುವ ಮೊದಲೇ ಹೇಳಿಬಿಡುತ್ತಾರೆ. ಕವಡೆಯ ಎರಡು ಮೈ ಒಂದೇ ಆಕಾರದಲ್ಲಿಲ್ಲ. ಆದ್ದರಿಂದ ಎಸೆದು, ಬರೆದು, ಎಣಿಸಿಯೇ ತಿಳಿಯಬೇಕು. ಹತ್ತು ಸಲ ಎಸೆದವನ ಉತ್ತರ ಒಂದು, ಇನ್ನೂರು ಸಲ ಎಸೆದವನ ಉತ್ತರ ಇನ್ನೊಂದು. ಕಾರು ಓಡಿಸುತ್ತಿದ್ದ ಹುಡುಗನೂ ಒಂದು ಕಾಲಕ್ಕೆ ನನ್ನ ಮೇಜಿನ ಮುಂದೆ ನಿಂತು ಕವಡೆ ಎಸೆದವನೇ.

ಪಣಜಿ ತಲುಪಿದಾಗ ಮಧ್ಯಾಹ್ನ. ಮಾಂಡೋವಿಯ ದಂಡೆಯಲ್ಲಿ ಕ್ಯಾಸಿನೊ ಹಡಗುಗಳು ಹಗಲಿನಲ್ಲಿ ಮದುವೆ ಮುಗಿದ ಮಂಟಪದಂತೆ ಕಾಣುತ್ತವೆ. ದೀಪ ಹತ್ತಿದ ಮೇಲೆಯೇ ಅವಕ್ಕೆ ಜೀವ. ಗೋವೆಯ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದಾಟಕ್ಕೆ, 1996ರಲ್ಲಿ ಮತ್ತೆ ತಿದ್ದಿ ಹಡಗುಗಳ ಮೇಲೆ ಮೇಜಿನಾಟಕ್ಕೆ ಅನುಮತಿ ಕೊಟ್ಟರು. 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ: 2020ರ ಫೆಬ್ರುವರಿಯಿಂದ ಗೋವೆಯ ಜನರಿಗೇ ಆಟದ ಕೋಣೆಗೆ ಪ್ರವೇಶ ನಿಷಿದ್ಧ. ಊಟ ಬಡಿಸುವವರು ತಮ್ಮ ಮನೆಯವರಿಗೆ ಬಡಿಸಬಾರದೆಂದು ಕಟ್ಟು ಮಾಡಿದರೆ ಆ ಅಡಿಗೆಯ ಬಗ್ಗೆ ಏನು ತಿಳಿಯಬೇಕೋ ಓದುಗರಿಗೇ ಬಿಟ್ಟಿದ್ದು. ದಂಡೆಯ ರಸ್ತೆಯಲ್ಲಿ ನಿಂತ ಕಾರುಗಳಲ್ಲಿ ಕೆಎ ಎಂಬ ಫಲಕದವು ಎಣಿಸಲಾರದಷ್ಟಿದ್ದವು.

ಚಿಕ್ಕ ದೋಣಿಯಲ್ಲಿ ಹಡಗಿಗೆ ಕರೆದೊಯ್ದರು. ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿದರು. ಒಳಗೆ ಹೋದೊಡನೆ ಗದ್ದಲ, ಬೆಳಕು, ಹಾಡು. ಮೊದಲ ಅಂತಸ್ತಿನಲ್ಲೇ ಅಂದರ್-ಬಾಹರ್ ಮೇಜು! ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಪೊಲೀಸ್ ದಾಳಿಯ ಸುದ್ದಿಯಲ್ಲಿ ಓದುವ ಆಟ ಇಲ್ಲಿ ಹಸಿರು ಬಟ್ಟೆಯ ಮೇಲೆ ಸೂಟು ಹಾಕಿಕೊಂಡು ಕುಳಿತಿದೆ. ಅದರ ಪಕ್ಕದಲ್ಲಿ ರೂಲೆಟ್ ಚಕ್ರ. ವಿದ್ಯಾರ್ಥಿಗಳು ಇದರ ಲೆಕ್ಕವನ್ನು ಬಾಯಲ್ಲೇ ಮಾಡಬಹುದು. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆ. ಗೆದ್ದ ಮನೆಗೆ ಒಂದಕ್ಕೆ 35 ಕೊಟ್ಟು ಕಟ್ಟಿದ್ದನ್ನೂ ಹಿಂದಿರುಗಿಸುತ್ತಾರೆ. ಎಲ್ಲ ಮನೆಗೂ ನೂರು ರೂಪಾಯಿ ಇಟ್ಟರೆ 3700 ಹೋಗಿ 3600 ಬರುತ್ತದೆ. ಆ ನೂರು ರೂಪಾಯಿಯಿಂದಲೇ ಹಡಗಿನ ದೀಪ ಉರಿಯುವುದು. ಎಷ್ಟೇ ಬುದ್ಧಿವಂತನಾದರೂ ಈ ನೂರನ್ನು ಕಡಿಮೆ ಮಾಡಲಾರ.

ಪೋಕರ್ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಬಾಗಿಲು ಹಾಕಿದೊಡನೆ ಗದ್ದಲ ನಿಂತಿತು. ನಿಜ ಹೇಳಬೇಕೆಂದರೆ ನನಗೆ ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕನಾಗಿ ಹೋದಂತೆ ಅನಿಸಿತು. ಒಂದೊಂದು ಮೇಜಿಗೆ ಒಂಬತ್ತು ಜನ. ಎದುರಿಗೆ ಬಿಲ್ಲೆಗಳ ಗೋಪುರ. ಮಾತಿಲ್ಲ, ಬಿಲ್ಲೆಗಳನ್ನು ಬೆರಳಲ್ಲಿ ಸರಿಸುವ ಸದ್ದು ಮಾತ್ರ. ಜಾತ್ರೆಯ ಬಳೆಗಾರನ ಅಂಗಡಿಯಲ್ಲಿ ಬಳೆ ಸರಿಸುತ್ತಾರಲ್ಲ, ಹಾಗೆ. ನೂರಕ್ಕೂ ಮಿಕ್ಕಿ ಜನ ಆಡಲು ಬಂದಿದ್ದರು. ಬಹುತೇಕ ಇಪ್ಪತ್ತೈದು-ಮೂವತ್ತೈದರ ವಯಸ್ಸಿನವರು, ಐದಾರು ಜನ ಹೆಣ್ಣುಮಕ್ಕಳು. ಕಿವಿಗೆ ಯಂತ್ರ, ಕಣ್ಣಿಗೆ ಕಪ್ಪು ಕನ್ನಡಕ. ಕಟಕಟೆಯ ಈಚೆ ನಿಂತು ನೋಡಲು ನನಗೆ ಅಡ್ಡಿಯಿರಲಿಲ್ಲ.

ಆಟವನ್ನು ಚಿಕ್ಕದಾಗಿ ಹೇಳುತ್ತೇನೆ. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ. ಮೊದಲು ಮೂರು, ನಂತರ ಒಂದು, ಕೊನೆಗೆ ಒಂದು. ಈ ಏಳರಲ್ಲಿ ಉತ್ತಮವಾದ ಐದು ಯಾರದೋ ಅವರದು ಪಣ. ಪ್ರತಿ ಹಂತದಲ್ಲೂ ಬಿಲ್ಲೆ ಕಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆ ಕೆಳಗಿಟ್ಟು ಬಿಡಬಹುದು. ನೋ-ಲಿಮಿಟ್ ಎಂದರೆ ಕಟ್ಟುವುದಕ್ಕೆ ಮಿತಿ ಇಲ್ಲ; ಯಾವ ಕ್ಷಣದಲ್ಲಾದರೂ ಎದುರಿಗಿದ್ದ ಬಿಲ್ಲೆಯನ್ನೆಲ್ಲ ಒಮ್ಮೆಲೇ ದೂಡಬಹುದು. ಟೂರ್ನಮೆಂಟಿನ ಬಿಲ್ಲೆಯನ್ನು ನಡುವೆ ಹಣಕ್ಕೆ ಮಾರುವಂತಿಲ್ಲ. ಶುಲ್ಕ ಒಂದೇ ಸಲ, ಬಿಲ್ಲೆ ಎಲ್ಲರಿಗೂ ಸಮ. ಆದರೆ ಅರ್ಧ ಗಂಟೆಗೊಮ್ಮೆ ಕಡ್ಡಾಯದ ಕಟ್ಟು ಏರುತ್ತ ಹೋಗುತ್ತದೆ. ಸುಮ್ಮನೆ ಕುಳಿತವನ ಗೋಪುರವನ್ನು ಗಡಿಯಾರವೇ ತಿಂದುಹಾಕುತ್ತದೆ. ಕೊನೆಗೆ ಉಳಿದ ಏಳೆಂಟರಲ್ಲೊಬ್ಬರಿಗೆ ಮಾತ್ರ ಬಹುಮಾನ, ಅದರಲ್ಲೂ ದೊಡ್ಡ ಪಾಲು ಮೊದಲ ಮೂವರಿಗೆ.

ಹುಡುಗ ಹೇಳಿದ್ದ ಲೆಕ್ಕ ಸುಳ್ಳಲ್ಲ. 52 ಎಲೆಗಳಲ್ಲಿ ಎರಡನ್ನು ಆರಿಸುವ ಬಗೆ 1326. ಅದರಲ್ಲಿ ಎರಡೂ ಎಕ್ಕ ಬರುವ ಬಗೆ ಆರು. ಅಂದರೆ 221 ಸಲಕ್ಕೆ ಒಮ್ಮೆ. ಕೈಯಿಂದ ಎಲೆ ಹಂಚುವ ಮೇಜಿನಲ್ಲಿ ತಾಸಿಗೆ ಮೂವತ್ತು ಆಟವಾದರೆ ಹೆಚ್ಚು. ಏಳು ತಾಸು ಬೆನ್ನು ನೇರ ಮಾಡಿ ಕುಳಿತವನಿಗೆ ಸರಾಸರಿ ಒಮ್ಮೆ ಎಕ್ಕದ ಜೋಡಿ! ಐದು ಎಲೆಗಳ ಕಟ್ಟು 25,98,960 ಬಗೆ. ಅದರಲ್ಲಿ ಎಲ್ಲಕ್ಕಿಂತ ಮೇಲಾದ ಕಟ್ಟು ನಾಲ್ಕೇ.

ಮೊದಲ ಎರಡು ತಾಸು ನನ್ನ ಶಿಷ್ಯ ಆಡಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಎಲೆಯ ಮೂಲೆ ಎತ್ತಿ ನೋಡುವುದು, ಮುಂದಕ್ಕೆ ದೂಡಿ ಬಿಡುವುದು. ಉಳಿದವರು ಆಡುವಾಗ ಯಾರು ಎಷ್ಟು ಕಟ್ಟುತ್ತಾರೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತ ಕೂಡುವುದು. ಒಮ್ಮೆ ಅವನ ಕೈಯಲ್ಲಿ ರಾಣಿಯ ಜೋಡಿ ಇತ್ತು. ಎದುರಿನ ವ್ಯಾಪಾರಿಯಂತೆ ಕಾಣುವ ಹಿರಿಯರು ನಿಧಾನವಾಗಿ ಏರಿಸಿದರು. ಹುಡುಗ ಒಂದು ನಿಮಿಷ ಯೋಚಿಸಿ ರಾಣಿಗಳನ್ನು ಕೆಳಗಿಟ್ಟ. ಆ ಹಿರಿಯರು ನಕ್ಕು ತಮ್ಮ ಎಲೆ ತಿರುಗಿಸಿ ತೋರಿಸಿದರು: ಎಕ್ಕದ ಜೋಡಿ. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ? ಓಸಿಯಲ್ಲಿ ಹೀಗೆ ಸೋಲು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಜಾಣತನ ಇದೆ ಎಂಬುದನ್ನು ನಮ್ಮ ನ್ಯಾಯಾಲಯಗಳೂ ಬೇರೆ ಬೇರೆ ರೀತಿಯಲ್ಲಿ ತೂಗಿವೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಪೋಕರಿನ ವಿಷಯದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟು ಕೌಶಲದ ಆಟವಾದರೆ ಪರವಾನಗಿ ಬೇಕಿಲ್ಲ ಎಂಬ ನಿಲುವು ತಾಳಿತು. 2017ರಲ್ಲಿ ಗುಜರಾತ್ ಹೈಕೋರ್ಟು ಅದು ಜೂಜೇ ಎಂದಿತು. ಕರ್ನಾಟಕ ಸರಕಾರ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಪೊಲೀಸ್ ಕಾಯಿದೆ ತಿದ್ದಿದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಹಡಗಿಗೆ ಹೋಗಲು ವಯಸ್ಸು ಬೇಕು, ದಾರಿ ಸವೆಸಬೇಕು, ಎದುರಿನವನ ಮುಖ ನೋಡಬೇಕು. ಫೋನಿನಲ್ಲಾದರೆ ಹತ್ತನೆಯ ತರಗತಿಯ ಹುಡುಗ ರಾತ್ರಿ ಹೊದಿಕೆಯೊಳಗೆ ಕುಳಿತು ಅಪ್ಪನ ಖಾತೆಯಿಂದ ಆಡಬಹುದಾಗಿತ್ತು.

ಆರನೆಯ ತಾಸಿನ ಹೊತ್ತಿಗೆ ಮೂವತ್ತು ಜನರೂ ಉಳಿದಿರಲಿಲ್ಲ. ಹುಡುಗನ ಗೋಪುರ ಮಧ್ಯಮ ಗಾತ್ರದ್ದು. ಆಗ ಅವನಿಗೆ ರಾಜನ ಜೋಡಿ ಬಂತು. ತೆರೆದ ಮೂರು ಎಲೆ ರಾಣಿ, ಏಳು, ಮೂರು. ಮೂರೂ ಬೇರೆ ಬೇರೆ ಜಾತಿ. ಎದುರಿನ ತರುಣ ಎಲ್ಲ ಬಿಲ್ಲೆ ದೂಡಿದ. ಅವನ ಬಳಿ ಇವನಿಗಿಂತ ಹೆಚ್ಚಿತ್ತು. ಇವನೂ ಎಲ್ಲವನ್ನೂ ದೂಡಿದ. ಟೂರ್ನಮೆಂಟಿನ ನಿಯಮದಂತೆ ಇಬ್ಬರೂ ಎಲೆ ತೆರೆದರು. ಅವನ ಕೈಯಲ್ಲಿ ಎಕ್ಕ, ರಾಣಿ.

ಇಲ್ಲಿ ಲೆಕ್ಕ ಮಾಡಿ ನೋಡಿ. ಅವನು ಗೆಲ್ಲಬೇಕಾದರೆ ಉಳಿದ ಎರಡು ರಾಣಿಗಳಲ್ಲಿ ಒಂದು ಅಥವಾ ಉಳಿದ ಮೂರು ಎಕ್ಕಗಳಲ್ಲಿ ಒಂದು ಬರಬೇಕು. ಒಟ್ಟು ಐದು ಎಲೆ. ಕಂಡಿರುವುದು ಏಳು, ಕಾಣದ್ದು 45. ಎರಡು ಸಲ ತೆರೆದರೂ ಆ ಐದರಲ್ಲಿ ಒಂದೂ ಬಾರದಿರುವ ಸಂಭವ 40/45ನ್ನು 39/44ರಿಂದ ಗುಣಿಸಿದಷ್ಟು, ಅಂದರೆ ನೂರಕ್ಕೆ 79ರ ಸಮೀಪ. ಐದರಲ್ಲಿ ನಾಲ್ಕು ಪಾಲು ನನ್ನ ಶಿಷ್ಯನದು. ನಾಲ್ಕನೆಯ ಎಲೆ ಕಳಾವರ ಐದು. ಈಗ ಎದುರಿನವನಿಗೆ 44ರಲ್ಲಿ ಐದು ಮಾತ್ರ. ಹಂಚುವ ಹುಡುಗಿ ಮೇಜಿನ ಮೇಲೆ ಒಮ್ಮೆ ತಟ್ಟಿ ಕೊನೆಯ ಎಲೆ ತಿರುಗಿಸಿದಳು. ಇಸ್ಪೀಟು ಎಕ್ಕ.

ಯಾರೂ ಕೂಗಲಿಲ್ಲ. ಹುಡುಗ ಎದ್ದು, ಎದುರಿನವನ ಕೈ ಕುಲುಕಿ, ನನ್ನ ಕಡೆ ಬಂದ. 23ನೆಯ ಸ್ಥಾನ. ಬಹುಮಾನ ಇದ್ದದ್ದು ಹದಿನೈದು ಜನಕ್ಕೆ. ಶುಲ್ಕ ಮೂವತ್ತು ಸಾವಿರ ಎಂಬುದು ಆಗಲೇ ನನಗೆ ಗೊತ್ತಾದದ್ದು. ಅವನ ಅಪ್ಪ ಒಂದು ಎಕರೆ ಕಡಲೆಯಲ್ಲಿ ಎಷ್ಟು ಉಳಿಸುತ್ತಾರೆ ಎಂಬ ಮಾತು ನಾಲಿಗೆಯವರೆಗೆ ಬಂತು, ನುಂಗಿಕೊಂಡೆ. “ಸರ್, ನಾ ಸರಿ ಆಡಿದ್ನಿ. ಐದ್ರಾಗ ನಾಕು ಸಲ ನಂದ” ಎಂದ. ಹೌದು, ಸರಿಯಾಗಿಯೇ ಆಡಿದ್ದ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಕೊನೆಯ ಮೇಜಿನ ಆಟವನ್ನೂ ನೋಡಿಯೇ ಎದ್ದೆವು. ಮೂವರು ಉಳಿದಾಗ ಆಟ ನಿಲ್ಲಿಸಿ, ತಮ್ಮ ಬಿಲ್ಲೆಗಳನ್ನು ಎಣಿಸಿ, ಉಳಿದ ಬಹುಮಾನವನ್ನು ಹೇಗೆ ಹಂಚಿಕೊಳ್ಳಬೇಕೆಂದು ಲೆಕ್ಕ ಹಾಕತೊಡಗಿದರು. ಪ್ಯಾಸ್ಕಲ್ ಮತ್ತು ಫರ್ಮಾ ಬಿಡಿಸಿದ ಲೆಕ್ಕವೇ ಅದು. ಈಗ ಅದನ್ನು ಫೋನು ಮಾಡಿಕೊಡುತ್ತದೆ.

ಮರುದಿನ ಮತ್ತೆ ಚೋರ್ಲಾ ಹತ್ತಿದೆವು. ಕಣಕುಂಬಿಯಲ್ಲಿ ಚಹಾಕ್ಕೆ ನಿಂತಾಗ, “ನಿನ್ನ ರೀಡಿಂಗು ಎಲ್ಲಿ ಬರ್ದಿದ್ದಿ?” ಎಂದು ಕೇಳಿದೆ. ಪ್ರಯೋಗ ಮಾಡಿದವನ ಹತ್ತಿರ ವಹಿ ಇರಲೇಬೇಕು. ನನ್ನ ಶಿಷ್ಯರಿಗೆ ಅದು ಗೊತ್ತು. ಚೀಲದಿಂದ ಒಂದು ನೋಟುಬುಕ್ಕು ತೆಗೆದ. ಅಕ್ಷರ ಹತ್ತನೆಯ ತರಗತಿಯಲ್ಲಿದ್ದಂತೆಯೇ ದುಂಡಗೆ. ಮೂರು ವರ್ಷಗಳಲ್ಲಿ 64 ಟೂರ್ನಮೆಂಟು. ಕಟ್ಟಿದ ಶುಲ್ಕ ಒಟ್ಟು 11,52,000 ರೂಪಾಯಿ. ಬಹುಮಾನ ಬಂದದ್ದು ಒಂಬತ್ತು ಸಲ, ತೆರಿಗೆ ಕಳೆದು ಕೈಗೆ 13,40,000. ಗೆಲುವಿನ ಮೇಲೆ ನೂರಕ್ಕೆ ಮೂವತ್ತು ಆದಾಯ ತೆರಿಗೆ ಎಂಬುದು ನೆನಪಿರಲಿ. ಉಳಿಕೆ 1,88,000. ನೌಕರಿ ಬಿಡುವ ಧೈರ್ಯ ಬಂದದ್ದು ಈ ಸಂಖ್ಯೆಯಿಂದ.

ಒಂಬತ್ತು ಬಹುಮಾನಗಳನ್ನು ಬಿಡಿಬಿಡಿಯಾಗಿ ನೋಡಿದೆ. ಒಂದೇ ಒಂದು ಬಹುಮಾನ 6,10,000. ಅದನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಕೂಡಿಸಲು ಹೇಳಿದೆ. 4,22,000 ನಷ್ಟ. “ಆದ್ರ ಅದು ನಾನ ಗೆದ್ದದ್ದಲ್ಲೇನ್ರೀ ಸರ್?” ಎಂದ. ನೀನೇ ಗೆದ್ದದ್ದು. ಆದರೆ ನಿನ್ನೆ ಬಂದ ಇಸ್ಪೀಟು ಎಕ್ಕ ಆ ದಿನ ಬಂದಿದ್ದರೆ? 64 ರೀಡಿಂಗಿನಲ್ಲಿ ಒಂದರ ಮೇಲೆ ಇಡೀ ಉತ್ತರ ನಿಂತಿದ್ದರೆ ಅದನ್ನು ಪ್ರಯೋಗಶಾಲೆಯಲ್ಲಿ ನಾವು ಉತ್ತರ ಎನ್ನುವುದಿಲ್ಲ, ಇನ್ನಷ್ಟು ಸಲ ಮಾಡು ಎನ್ನುತ್ತೇವೆ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಲಿಬ್ರಾಟಸ್ ಎಂಬ ಕಂಪ್ಯೂಟರ್ ಆಟಗಾರನನ್ನು ಮಾಡಿ, ನಾಲ್ವರು ನುರಿತ ಆಟಗಾರರ ಎದುರು ಇದೇ ನೋ-ಲಿಮಿಟ್ ಪೋಕರ್ ಆಡಿಸಿದರು. ಗೆದ್ದದ್ದು ಯಂತ್ರ. ಆದರೆ ಗೆಲುವು ಅದೃಷ್ಟದ್ದಲ್ಲ, ಜಾಣತನದ್ದು ಎಂದು ಹೇಳಲು ಅವರು ಆಡಿಸಿದ್ದು ಇಪ್ಪತ್ತು ದಿನ, 1,20,000 ಆಟ! ಅಷ್ಟು ಆಡಲು ತಾಸಿಗೆ ಮೂವತ್ತರಂತೆ ನಾಲ್ಕು ಸಾವಿರ ತಾಸು ಬೇಕು. ಜಾಣತನ ಇದೆ, ಆದರೆ ಅದು ಕಣ್ಣಿಗೆ ಕಾಣಬೇಕಾದರೆ ಒಬ್ಬ ಮನುಷ್ಯನ ಉಳಿತಾಯ ತಡೆಯುವಷ್ಟು ಬೇಗ ಕಾಣುವುದಿಲ್ಲ. ಈ ಆಟದ ಕಷ್ಟ ಇರುವುದು ಅಲ್ಲಿ, ನ್ಯಾಯಾಲಯದ ಪ್ರಶ್ನೆಯಲ್ಲಲ್ಲ.

ಒಕ್ಕಲುತನವೂ ಜೂಜೇ ಎಂದು ಅವನು ವಾದಿಸಿದ. ಅಪ್ಪ ಪ್ರತಿ ವರ್ಷ ಮಳೆಯ ಮೇಲೆ ಎಲ್ಲವನ್ನೂ ದೂಡುತ್ತಾನೆ, ಅದನ್ನು ಯಾರೂ ಓಸಿ ಎನ್ನುವುದಿಲ್ಲ ಎಂದ. ಮಾತು ಚೂಪಾಗಿತ್ತು. ಮಲಪ್ರಭೆಯ ದಂಡೆಯವರು ಅದನ್ನು ಸುಲಭವಾಗಿ ಅಲ್ಲಗಳೆಯಲಾರರು. ಆದರೂ ಒಂದು ವ್ಯತ್ಯಾಸ ಹೇಳಿದೆ. ಹೊಲದಲ್ಲಿ ನಿನ್ನಪ್ಪ ಗೆದ್ದರೆ ಪಕ್ಕದ ಹೊಲದವನು ಸೋಲಬೇಕಿಲ್ಲ. ಒಳ್ಳೆಯ ಮಳೆಗೆ ಇಬ್ಬರೂ ರಾಶಿ ಮಾಡುತ್ತಾರೆ. ನಿನ್ನ ಮೇಜಿನಲ್ಲಿ ಒಂಬತ್ತು ಜನರ ಹಣವೇ ಸುತ್ತುತ್ತದೆ, ಅದರಲ್ಲಿ ಒಂದು ಪಾಲು ಹಡಗಿನವರು ಮೊದಲೇ ತೆಗೆದಿಟ್ಟುಕೊಂಡಿರುತ್ತಾರೆ. ಒಂದು ಕಾಳು ಹಾಕಿದರೆ ತೆನೆ ಬರುವ ನೆಲ ಅದಲ್ಲ. ಅವನು ಉತ್ತರಿಸದೆ ಚಹಾ ಕುಡಿದ.

ಕಾರು ಹತ್ತುವ ಮುಂಚೆ ಇನ್ನೊಂದು ಕೇಳಿದೆ: “ಪೆಟ್ರೋಲು, ರೂಮು, ಊಟ ಯಾವ ಕಾಲಮ್ಮಿನಾಗ ಐತಿ?” ಆ ಕಾಲಮ್ಮೇ ಇರಲಿಲ್ಲ. ಬೆಂಗಳೂರಿನಿಂದ ಎಷ್ಟು ಸಲ ಬಂದಿದ್ದ ಎಂದು ಹಿಂದಿನ ಪುಟಗಳ ತಾರೀಖಿನಿಂದ ಎಣಿಸಿದೆವು: 22 ಸಲ. ಒಂದು ಸಲಕ್ಕೆ ಒಂಬತ್ತೂವರೆ ಸಾವಿರ ಎಂದು ಅವನೇ ಅಂದಾಜು ಮಾಡಿದ. ಕಾರನ್ನು ನನ್ನ ಕಡೆ ಕೊಟ್ಟು, ಪೆನ್ನು ಇಸಿದುಕೊಂಡು, ಪಕ್ಕದ ಸೀಟಿನಲ್ಲಿ ಹೊಸ ಗೆರೆ ಎಳೆದ. ಜಾಂಬೋಟಿ ಬರುವ ಹೊತ್ತಿಗೆ 2,09,000 ಎಂದು ಬರೆದು, ಕಳೆದು, ಉತ್ತರದ ಮುಂದೆ ಕಳೆ ಚಿಹ್ನೆ ಹಾಕಿದ್ದ: 21,000.

“ಸರ್, ಅಪ್ಪಗ ಏನ್ ಹೇಳ್ತೀರಿ?”

“ಓಸಿ ಅಲ್ಲ ಅಂತ ಹೇಳ್ತೀನಿ. ಆಮ್ಯಾಲ ಈ ಪುಟ ತೋರಸ್ತೀನಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟವನ್ನು ನೋಟುಬುಕ್ಕಿನಿಂದ ಹರಿಯದೆ ಫೋನಿನಲ್ಲಿ ಚಿತ್ರ ತೆಗೆದು ನನಗೆ ಕಳಿಸಿದ. “ನೌಕರಿ ಸದ್ಯ ಬಿಡಾಂಗಿಲ್ರಿ. ಇನ್ನ ನೂರು ಆಗ್ಲಿ, ಆಮ್ಯಾಲ ಮತ್ತೊಮ್ಮಿ ಕೂಡಸೂಣು” ಎಂದ. ಬೆಳಗಾವಿಯಲ್ಲಿ ಸವದತ್ತಿಯ ಬಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟರಲ್ಲಿ ನೋಟುಬುಕ್ಕಿನ ಮುಂದಿನ ಪುಟಕ್ಕೆ ಖರ್ಚಿನ ಕಾಲಮ್ಮು ಹಾಕಿ ಕೊಟ್ಟು, ಬಸ್ಸು ಹತ್ತಿದೆ.